ಲಿಥಿಯಂ ಬ್ಯಾಟರಿಯ ಬಾಳಿಕೆ: ಕೋಶದ ರಚನೆ ಮತ್ತು ರೈತರ ಆಯ್ಕೆ

ಬೆನ್ನಿಗೆ ಕಟ್ಟುವ ಸಿಂಪರಣಾ ಯಂತ್ರ, ಸೌರ ದೀಪ, ಔಷಧಿ ಸಿಂಪಡಿಸುವ ಡ್ರೋನ್ ಮುಂತಾದವುಗಳ ಮೂಲಕ ಲಿಥಿಯಂ ಬ್ಯಾಟರಿಯು ನಮ್ಮ ಹೊಲಗಳಿಗೂ ಬಂದಿದೆ. ಸೀಸ-ಆಮ್ಲದ ಬ್ಯಾಟರಿಗಿಂತ ಇದು ಹಗುರ, ಆದರೆ ಬೆಲೆ ಹೆಚ್ಚು. ಹೊರಗಿನಿಂದ ಒಂದೇ ರೀತಿ ಕಾಣುವ ಎರಡು ಬ್ಯಾಟರಿಗಳಲ್ಲಿ ಒಂದು ಬೇಗನೆ ಸೋತು ಇನ್ನೊಂದು ವರ್ಷಗಟ್ಟಲೆ ಬಾಳುವುದೇಕೆ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರುವುದು ಒಳ್ಳೆಯದು.

ಕೋಶದ ಒಳಗೆ

ಬ್ಯಾಟರಿಯೆಂದರೆ ಹಲವು ಕೋಶಗಳ ಜೋಡಣೆ. ಪ್ರತಿ ಕೋಶದಲ್ಲಿಯೂ ಎರಡು ತೆಳು ಹಾಳೆಗಳಿರುತ್ತವೆ. ತಾಮ್ರದ ಹಾಳೆಗೆ ಗ್ರಾಫೈಟ್ ಲೇಪಿಸಿದ್ದು ಋಣ ಫಲಕ. ಅಲ್ಯೂಮಿನಿಯಂ ಹಾಳೆಗೆ ಲಿಥಿಯಂ ಸಂಯುಕ್ತವನ್ನು ಲೇಪಿಸಿದ್ದು ಧನ ಫಲಕ. ಇವು ಒಂದಕ್ಕೊಂದು ತಾಗದಂತೆ ನಡುವೆ ಸೂಕ್ಷ್ಮ ರಂಧ್ರಗಳಿರುವ ಪ್ಲಾಸ್ಟಿಕ್ ಪೊರೆ, ಅದನ್ನು ತೋಯಿಸಿರುವ ಸಾವಯವ ದ್ರಾವಕ, ದ್ರಾವಕದಲ್ಲಿ ಕರಗಿದ ಲಿಥಿಯಂ ಲವಣ. (ಇಲ್ಲಿ ಸಾವಯವ ಎಂದರೆ ಇಂಗಾಲದ ಸಂಯುಕ್ತ ಎಂದಷ್ಟೇ ಅರ್ಥ. ಗೊಬ್ಬರಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಬೇಗ ಬೆಂಕಿ ಹಿಡಿಯುವ ವಸ್ತು.) ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಧನ ಫಲಕದಿಂದ ಹೊರಟು ಗ್ರಾಫೈಟಿನ ಪದರಗಳ ನಡುವೆ ಸೇರುತ್ತವೆ, ಬಳಸುವಾಗ ಹಿಂದಿರುಗುತ್ತವೆ.

1970ರ ದಶಕದಲ್ಲಿ ವಿಟಿಂಗ್‌ಹ್ಯಾಮ್ ಅವರು ರೂಪಿಸಿದ ಕೋಶದಲ್ಲಿ ಋಣ ಫಲಕವು ಲಿಥಿಯಂ ಲೋಹವೇ ಆಗಿತ್ತು. ಮತ್ತೆ ಮತ್ತೆ ಚಾರ್ಜ್ ಮಾಡಿದಾಗ ಈ ಲೋಹ ಸೂಜಿಗಳಂತೆ ಬೆಳೆದು ಪೊರೆಯನ್ನು ಚುಚ್ಚುತ್ತಿತ್ತು. 1980ರಲ್ಲಿ ಗುಡೆನಫ್ ಅವರ ತಂಡ ಧನ ಫಲಕಕ್ಕೆ ಕೋಬಾಲ್ಟ್ ಆಕ್ಸೈಡನ್ನು ತಂದಿತು. 1985ರಲ್ಲಿ ಯೋಶಿನೊ ಅವರು ಲೋಹದ ಜಾಗದಲ್ಲಿ ಇಂಗಾಲವನ್ನು ಬಳಸಿದರು. 1991ರಲ್ಲಿ ಇಂಥ ಕೋಶ ಮಾರುಕಟ್ಟೆಗೆ ಬಂದಿತು. ಈ ಮೂವರಿಗೂ 2019ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು.

ಬಾಳಿಕೆ ಕುಗ್ಗುವುದೇಕೆ?

ಕೋಶದಲ್ಲಿರುವ ಲಿಥಿಯಂ ಕಾರ್ಖಾನೆಯಲ್ಲಿ ಹಾಕಿದ್ದಷ್ಟೆ. ಸೀಸದ ಬ್ಯಾಟರಿಗೆ ನೀರು ತುಂಬಿದಂತೆ ಇದಕ್ಕೆ ಏನನ್ನೂ ತುಂಬಲು ಬರುವುದಿಲ್ಲ. ಮೊದಲನೆಯ ಚಾರ್ಜಿನಲ್ಲಿಯೇ ದ್ರಾವಕದ ಸ್ವಲ್ಪ ಭಾಗ ವಿಭಜನೆಗೊಂಡು, ಗಾಯದ ಮೇಲೆ ಹಕ್ಕಳೆ ಕಟ್ಟಿದಂತೆ, ಗ್ರಾಫೈಟಿನ ಮೇಲೆ ತೆಳುವಾದ ಪದರ ಕಟ್ಟುತ್ತದೆ. ಈ ಪದರ ಬೇಕೇ ಬೇಕು. ಇಲ್ಲದಿದ್ದರೆ ದ್ರಾವಕ ಕೆಡುತ್ತಲೇ ಹೋಗುತ್ತದೆ. ಆದರೆ ಅದು ದಪ್ಪವಾದಂತೆಲ್ಲ ಲಿಥಿಯಂ ಅದರಲ್ಲಿ ಸಿಕ್ಕಿ ನಷ್ಟವಾಗುತ್ತದೆ. ಆದುದರಿಂದಲೇ ಒಳ್ಳೆಯ ತಯಾರಕರು ಮೊದಲ ಚಾರ್ಜನ್ನು ನಿಧಾನವಾಗಿ ಮಾಡುತ್ತಾರೆ. ಪದರ ಗಟ್ಟಿಯಾಗಲೆಂದು ವಿನೈಲೀನ್ ಕಾರ್ಬೊನೇಟಿನಂಥ ವಸ್ತುವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸುತ್ತಾರೆ.

ಲೆಕ್ಕ ಹಾಕಿ ನೋಡಿ. ಪ್ರತಿ ಸಲ ಚಾರ್ಜ್ ಮಾಡಿ ಬಳಸಿದಾಗ ಸಾವಿರದಲ್ಲಿ ಒಂದು ಪಾಲು ಲಿಥಿಯಂ ನಷ್ಟವಾದರೆ 1000 ಸಲದ ನಂತರ ಉಳಿಯುವುದು ಶೇಕಡ 37 ಮಾತ್ರ. ನಷ್ಟ ಹತ್ತು ಸಾವಿರದಲ್ಲಿ ಒಂದು ಪಾಲಾದರೆ ಶೇಕಡ 90 ಉಳಿಯುತ್ತದೆ. ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾನಿಲಯದ ಜೆಫ್ ಡಾನ್ ಅವರ ತಂಡ ಇಷ್ಟು ಸಣ್ಣ ನಷ್ಟವನ್ನೂ ನಿಖರವಾಗಿ ಅಳೆದು, ವರ್ಷಗಟ್ಟಲೆ ಕಾಯದೆ ಕೋಶಗಳನ್ನು ಹೋಲಿಸುವ ವಿಧಾನವನ್ನು ಬೆಳೆಸಿತು. ಅದೇ ವಿಶ್ವವಿದ್ಯಾನಿಲಯದಲ್ಲಿ ಕಂಡುಬಂದ ಇನ್ನೊಂದು ಸಂಗತಿ ಸ್ವಾರಸ್ಯವಾಗಿದೆ. ಕೆಲವು ಕೋಶಗಳು ಸುಮ್ಮನೆ ಇಟ್ಟರೂ ಚಾರ್ಜ್ ಕಳೆದುಕೊಳ್ಳುತ್ತಿದ್ದವು. ಕಾರಣ ಹುಡುಕಿದಾಗ, ಸುತ್ತಿದ ಹಾಳೆ ಬಿಚ್ಚದಂತೆ ಅಂಟಿಸಿದ್ದ ಟೇಪು, ಅಂದರೆ ನೀರಿನ ಬಾಟಲಿಗೆ ಬಳಸುವ ಜಾತಿಯ ಪ್ಲಾಸ್ಟಿಕ್, ದ್ರಾವಕದಲ್ಲಿ ನಿಧಾನವಾಗಿ ಕೆಡುತ್ತಿರುವುದು ತಿಳಿಯಿತು. ಕೋಶದಲ್ಲಿ ಟೇಪೂ ಲೆಕ್ಕಕ್ಕೆ ಬರುತ್ತದೆ!

ಯಾವುದನ್ನು ಕೊಳ್ಳಬೇಕು?

ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಜಾತಿಯ ಕೋಶ ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ಹಿಡಿಯುತ್ತದೆ. ಗುಡೆನಫ್ ಅವರ ತಂಡವೇ 1997ರಲ್ಲಿ ಪ್ರಕಟಿಸಿದ ಕಬ್ಬಿಣದ ಫಾಸ್ಫೇಟ್ ಜಾತಿಯದು ತುಸು ಭಾರ. ಆದರೆ ಅದರಲ್ಲಿ ಆಮ್ಲಜನಕವು ರಂಜಕದೊಡನೆ ಬಿಗಿಯಾಗಿ ಬೆಸೆದಿರುವುದರಿಂದ ಕಾವಿಗೆ ಸುಲಭವಾಗಿ ಬಿಡುಗಡೆಯಾಗುವುದಿಲ್ಲ, ಬಾಳಿಕೆಯೂ ಸಾಮಾನ್ಯವಾಗಿ ಹೆಚ್ಚು. ಹಾರುವ ಡ್ರೋನಿಗೆ ತೂಕವೇ ಮುಖ್ಯ. ಸಿಂಪರಣಾ ಯಂತ್ರಕ್ಕೂ ಸೌರ ದೀಪಕ್ಕೂ ಫಾಸ್ಫೇಟಿನದೇ ಮೇಲೆಂದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಗುರುತಿಸುವುದು ಕಷ್ಟವಲ್ಲ. "12 ವೋಲ್ಟ್" ಎಂದು ಮಾರುವ ಬ್ಯಾಟರಿಯ ಚೀಟಿಯಲ್ಲಿ 12.8 ಎಂದಿದ್ದರೆ ಫಾಸ್ಫೇಟಿನ ನಾಲ್ಕು ಕೋಶಗಳ ಸಾಲು; 11.1 ಅಥವಾ 10.8 ಎಂದಿದ್ದರೆ ಇನ್ನೊಂದು ಜಾತಿಯ ಮೂರು ಕೋಶಗಳ ಸಾಲು. ಮೊದಲನೆಯದರ ಚಾರ್ಜರ್ 14.6 ವೋಲ್ಟಿನವರೆಗೆ ಏರುತ್ತದೆ, ಎರಡನೆಯದಕ್ಕೆ 12.6 ವೋಲ್ಟೇ ಮಿತಿ. ಪಿನ್ನು ಕೂಡುತ್ತದೆಂದು ಒಂದರ ಚಾರ್ಜರನ್ನು ಇನ್ನೊಂದಕ್ಕೆ ಹಾಕಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ವೋಲ್ಟನ್ನೇ ನಮೂದಿಸದ ಬ್ಯಾಟರಿಯನ್ನು ಕೊಳ್ಳಬಾರದು.

ಹಂಗಾಮಿನ ನಂತರ

ಸೀಸದ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಇಡಬೇಕೆಂಬುದು ರೂಢಿಯ ಮಾತು, ಅದು ಸರಿಯೂ ಹೌದು. ಲಿಥಿಯಂಗೆ ಇದನ್ನೇ ಅನುಸರಿಸಿದರೆ ಹಾನಿ. ಪೂರ್ತಿ ಚಾರ್ಜ್ ಮತ್ತು ಕಾವು ಎರಡೂ ಕೂಡಿದಾಗ ಮೇಲೆ ಹೇಳಿದ ಪದರ ವೇಗವಾಗಿ ದಪ್ಪವಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ತಗಡಿನ ಮನೆಯಲ್ಲಿಟ್ಟ ತುಂಬಿದ ಬ್ಯಾಟರಿಯು ಕೆಲಸ ಮಾಡದೆಯೇ ಮುಪ್ಪಾಗುತ್ತದೆ. ಅರ್ಧದಷ್ಟು ಚಾರ್ಜ್ ಇರುವಂತೆ, ಯಂತ್ರದಿಂದ ಬಿಡಿಸಿ, ಮನೆಯ ತಂಪಾದ ಒಣ ಮೂಲೆಯಲ್ಲಿ ಇಡಬೇಕು. ಪೂರ್ತಿ ಬರಿದಾಗಲೂ ಬಿಡಬಾರದು; ಹಾಗಾದರೆ ಋಣ ಫಲಕದ ತಾಮ್ರವೇ ಕರಗತೊಡಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ನೋಡಿ, ಇಳಿದಿದ್ದರೆ ಸ್ವಲ್ಪ ಚಾರ್ಜ್ ಮಾಡಬೇಕು.

ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬಾರದು, ಚುಚ್ಚಬಾರದು, ತಿಪ್ಪೆಗೆ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯ ಸಂಗ್ರಹ ಮತ್ತು ಮರುಬಳಕೆಯ ಹೊಣೆ ಉತ್ಪಾದಕರದು. ಕೊಂಡ ಅಂಗಡಿಯಲ್ಲಿ ಇದನ್ನು ತಿಳಿಸಿ ಹಿಂದಿರುಗಿಸಬಹುದು.