ಮನೆಸಾಲ ತೀರಿಸಿದ ಟೊಮೆಟೊ

ಅಮೆರಿಕದ ವೆಸ್ಟ್ ವರ್ಜೀನಿಯಾದ ಲೋಗನ್ ಎಂಬ ಊರಿನಲ್ಲಿ ಎಂ. ಸಿ. ಬೈಲ್ಸ್ ಎಂಬ ಮೆಕ್ಯಾನಿಕ್ ಇದ್ದರು. ರೇಡಿಯೇಟರ್ ರಿಪೇರಿ ಅವರ ಕಸುಬು. ದೊಡ್ಡ ಹಣ್ಣಿನ ಕೆಲವು ಟೊಮೆಟೊ ತಳಿಗಳನ್ನು ಹಿತ್ತಲಲ್ಲಿ ಬೆಳೆಸಿ, ವರ್ಷಗಟ್ಟಲೆ ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿ, ಕೊನೆಗೆ ತಮಗೆ ಮೆಚ್ಚಿಗೆಯಾದ ತಳಿಯೊಂದನ್ನು ಪಡೆದರು. 1940ರ ದಶಕದಲ್ಲಿ ಅದರ ಸಸಿಗಳನ್ನು ತಲಾ ಒಂದು ಡಾಲರಿಗೆ ಮಾರಿ, ಆರು ವರ್ಷಗಳಲ್ಲಿ 6,000 ಡಾಲರ್ ಮನೆಸಾಲ ತೀರಿಸಿದರಂತೆ. ತಳಿಯ ಹೆಸರೇ ‘ಮಾರ್ಟ್‌ಗೇಜ್ ಲಿಫ್ಟರ್’. ಪುಣೆಯ ಫ್ಲ್ಯಾಟಿಗೆ ಇನ್ನೂ ಹದಿಮೂರು ವರ್ಷ ಇಎಂಐ ಕಟ್ಟಬೇಕಾದ ನನ್ನಂಥವನು ಆ ಬೀಜವನ್ನು ಬಿಡುವುದುಂಟೇ? ಮೂರು ವರ್ಷದಿಂದ ಟೆರೇಸಿನಲ್ಲಿ ಬೆಳೆಯುತ್ತಿದ್ದೇನೆ. ಸಾಲ ಹಾಗೇ ಇದೆ.

ಇವು ಬೀಫ್‌ಸ್ಟೀಕ್ ಗುಂಪಿನ ಟೊಮೆಟೊ. ಹೆಸರು ಕೇಳಿ ಹುಬ್ಬೇರಿಸಬೇಡಿ, ಒಳಗಿನ ದಪ್ಪ ತಿರುಳಿಗಾಗಿ ಬಂದ ಹೆಸರು ಅಷ್ಟೆ. ಬ್ರಾಂಡಿವೈನ್, ಚೆರೋಕೀ ಪರ್ಪಲ್ ಇದೇ ಗುಂಪಿನವು. ಒಂದೇ ಹಣ್ಣು ಅರ್ಧ ಕಿಲೋ ತೂಗುವುದೂ ಉಂಟು. ‘ಏರ್‌ಲೂಮ್’ ಎಂದರೆ ನಮ್ಮ ಧಾರವಾಡದ ಕಡೆಯ ಮಾತಿನಲ್ಲಿ ಜವಾರಿ. ಬೀಜ ಹಿಡಿದಿಟ್ಟು ಬಿತ್ತಿದರೆ ಮುಂದಿನ ವರ್ಷವೂ ಅದೇ ಹಣ್ಣು. ಹೈಬ್ರಿಡ್ ಹಣ್ಣಿನ ಬೀಜ ಬಿತ್ತಿದರೆ ಒಂದು ಗಿಡ ಅಪ್ಪನಂತೆ, ಇನ್ನೊಂದು ಅಜ್ಜಿಯಂತೆ.

ಇಂಥ ಹಣ್ಣು ಅಂಗಡಿಗೆ ಬರುವುದಿಲ್ಲ. ಸಿಪ್ಪೆ ತೆಳು, ನೀರು ಹೆಚ್ಚಾದರೆ ಬಿರಿಯುತ್ತದೆ. ಪುಣೆಗೆ ಹತ್ತಿರದ ನಾರಾಯಣಗಾಂವ್ ಆಗಲಿ, ನಮ್ಮ ಕೋಲಾರವಾಗಲಿ, ಕ್ರೇಟಿನಲ್ಲಿ ತುಂಬಿ ಲಾರಿ ಹತ್ತಿಸಲು ಗಟ್ಟಿ ಹಣ್ಣೇ ಬೇಕು. ಇನ್ನೊಂದು ವಿಷಯ. ಹಳೆಯ ತಳಿಗಳಲ್ಲಿ ಕಾಯಿಯ ತೊಟ್ಟಿನ ಸುತ್ತ ಕಡುಹಸಿರು ಇರುತ್ತದೆ. ಹಣ್ಣು ಒಂದೇ ಸಮ ಕೆಂಪಾಗಲೆಂದು ತಳಿತಜ್ಞರು ಆ ಹಸಿರು ಇಲ್ಲದ ಗಿಡಗಳನ್ನೇ ಆರಿಸುತ್ತ ಬಂದರು. ಅದರ ಜೊತೆಗೆ ಹಣ್ಣಿನ ಸಕ್ಕರೆಯೂ ಒಂದಿಷ್ಟು ಹೋಯಿತೆಂದು 2012ರಲ್ಲಿ ವಿಜ್ಞಾನಿಗಳು ಆ ಜೀನನ್ನೇ ಗುರುತಿಸಿ ತೋರಿಸಿದರು. ಅಂಗಡಿಯ ಟೊಮೆಟೊ ಸಪ್ಪೆ ಎನ್ನುವ ನಮ್ಮ ಗೊಣಗಾಟ ಸುಳ್ಳಲ್ಲ.

ಹಾಗೆಂದು ಹೈಬ್ರಿಡ್ಡನ್ನು ಬೈಯಲಾರೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಮೂರು ರೋಗಗಳನ್ನು ತಡೆಯುತ್ತದೆ, ಅದರಲ್ಲಿ ಎಲೆ ಮುದುಡುವ ರೋಗವೂ ಒಂದು. ಈ ಅಮೆರಿಕದ ಜವಾರಿಗಳಿಗೆ ಆ ಶಕ್ತಿಯಿಲ್ಲ. ಬಿಳಿನೊಣ ಬಂದು ಕೂತಿತೆಂದರೆ ಎಲೆ ಮುದುಡಿ, ಗಿಡ ಕುಳ್ಳಾಗಿ, ಹೂವೇ ನಿಲ್ಲುವುದಿಲ್ಲ. ಕಳೆದ ವರ್ಷ ನಾಲ್ಕರಲ್ಲಿ ಎರಡು ಗಿಡ ಹೀಗೇ ಹೋದವು. ಉಳಿದೆರಡರ ಬೀಜವೇ ಈ ಸಲದ ಬಂಡವಾಳ.

ಇವುಗಳಿಗೆ ಮುಖ್ಯವಾಗಿ ಬೇಕಾದದ್ದು ತಂಪು ರಾತ್ರಿ. ರಾತ್ರಿಯ ಉಷ್ಣಾಂಶ 13ರಿಂದ 21 ಡಿಗ್ರಿಯೊಳಗೆ ಇದ್ದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ, ಸೆಖೆಯಾದರೆ ಹೂ ಉದುರುತ್ತದೆ. ಪುಣೆಯಲ್ಲಿ ಗಣೇಶ ಚತುರ್ಥಿಯ ಹೊತ್ತಿಗೆ ಬೀಜ ಹಾಕಿ, ದಸರೆಯ ಆಸುಪಾಸಿನಲ್ಲಿ ಸಸಿ ನೆಟ್ಟರೆ, ದೀಪಾವಳಿ ಕಳೆದ ಮೇಲೆ ಹೂ, ಜನವರಿಯಲ್ಲಿ ಹಣ್ಣು. ಹೈದರಾಬಾದಿಗೂ ಇದೇ ಲೆಕ್ಕ ಹೊಂದೀತು. ಚೆನ್ನೈನವರಿಗೆ ಡಿಸೆಂಬರ್, ಜನವರಿ ಎರಡೇ ತಿಂಗಳ ಆಸೆ. ದೆಹಲಿಯಲ್ಲಿ ತಿರುಗುಮುರುಗು: ಕಡುಚಳಿಯಲ್ಲಿ ಕಾಯಿ ಕಟ್ಟದು, ಫೆಬ್ರವರಿ ಕೊನೆಯ ಹೂವೇ ಗತಿ. ಗಿಡ ಬಳ್ಳಿಯಂತೆ ಆಳೆತ್ತರ ಮೀರುತ್ತದೆ. ಹೂಕುಂಡ ಸಾಲದು. ನೀಲಿ ಡ್ರಮ್ಮನ್ನು ಅರ್ಧಕ್ಕೆ ಕೊಯ್ಸಿ, ಭಾರ ಕಡಿಮೆಯಾಗಲೆಂದು ತೆಂಗಿನ ನಾರಿನ ಪುಡಿ ಬೆರೆಸಿದ್ದೇನೆ. ನೀರು ದಿನವೂ ಒಂದೇ ಅಳತೆ. ಒಂದು ದಿನ ಬಿಟ್ಟು ಮರುದಿನ ಸುರಿದರೆ ಕ್ಯಾಲ್ಸಿಯಂ ಸರಿಯಾಗಿ ಏರದೆ ಹಣ್ಣಿನ ತಳ ಕಪ್ಪಾಗಿ ಕೊಳೆಯುತ್ತದೆ.

ಜನವರಿಯಲ್ಲಿ ಊರಿಂದ ಬಂದ ಅವ್ವ ಒಂದು ಹೋಳು ಬಾಯಿಗಿಟ್ಟು, “ಇದ್ರಾಗ ಹುಳೀನ ಇಲ್ಲಲ್ಲೋ ತಮ್ಮಾ, ಸಾರಿಗೆ ಬರಂಗಿಲ್ಲ ಬಿಡು” ಅಂದಳು. ನಿಜ, ಇದು ಸಾರಿನ ಹಣ್ಣಲ್ಲ. ಆದರೆ ಮಧ್ಯಾಹ್ನ ಬಿಸಿ ರೊಟ್ಟಿ, ಶೇಂಗಾ ಹಿಂಡಿಯ ಜೊತೆ ಉಪ್ಪು ಉದುರಿಸಿದ ಹೋಳುಗಳನ್ನು ತಿನ್ನುತ್ತ ಎರಡು ಹಣ್ಣು ಮುಗಿಸಿದಳು. ಬೀಜ ಮಾತ್ರ ತಟ್ಟೆಯ ಅಂಚಿಗೆ ತೆಗೆದಿಟ್ಟಿದ್ದಳು, ನಾನು ಹೇಳಿರಲೇ ಇಲ್ಲ.

ಊರಲ್ಲಿ ಅವಳು ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸುತ್ತಾಳೆ. ನಮ್ಮ ಫ್ಲ್ಯಾಟಿನಲ್ಲಿ ಬೂದಿ ಎಲ್ಲಿಂದ ತರುವುದು? ತಿರುಳಿನ ಸಮೇತ ಗ್ಲಾಸಿಗೆ ಹಾಕಿ, ಎರಡು ಮೂರು ದಿನ ಹುಳಿಯಲು ಬಿಟ್ಟು (ವಾಸನೆಗೆ ಮನೆಯವರ ಬೈಗುಳ ಖಚಿತ), ಲೋಳೆ ಬಿಟ್ಟ ಮೇಲೆ ತೊಳೆದು, ನೆರಳಲ್ಲಿ ಒಣಗಿಸಿದೆ. ಮಡಿಚಿದ ಕಾಗದದಲ್ಲಿ ಇಟ್ಟರೆ ನಾಲ್ಕೈದು ವರ್ಷ ಮೊಳೆಯುತ್ತವೆ. ಅರ್ಧ ಪೊಟ್ಟಣ ಅವ್ವನ ಚೀಲ ಸೇರಿ ಧಾರವಾಡಕ್ಕೆ ಹೋಯಿತು. ಉಳಿದದ್ದರಲ್ಲಿ ಸುಮಾರು ನೂರು ಬೀಜ ಹೆಚ್ಚಾಗಿವೆ. ಬೇಕಾದವರು ಗಣೇಶನ ಹಬ್ಬದೊಳಗೆ ಸಂಪಾದಕರಿಗೆ ಒಂದು ಸಾಲು ಬರೆದರೆ ಅಂಚೆಯಲ್ಲಿ ಕಳಿಸುತ್ತೇನೆ.