ಮರ್ಮಗೋವಾದಲ್ಲಿ ಮುಳುಗಿದ ಎಹ್ರೆನ್‌ಫೆಲ್ಸ್: ತಪ್ಪು ಕಲ್ಪನೆ ಮತ್ತು ವಾಸ್ತವ

ಕೃಷ್ಣೆಯ ದಂಡೆಯ ಯಡೂರಿನವರಿಗೆ ಸಮುದ್ರವೆಂದರೆ ಗೋವಾ. ಬೆಳಗಾವಿಯಲ್ಲಿ ರೈಲು ಹತ್ತಿ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದರೆ ವಾಸ್ಕೋ, ಅದರ ಮಗ್ಗುಲಲ್ಲೇ ಮರ್ಮಗೋವಾ ಬಂದರು. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಮುಳುಗಿದ ಜರ್ಮನ್ ಹಡಗಿನ ಕಥೆಯನ್ನು ನಾವು ಹೆಚ್ಚಿನವರು ಕಲಿತದ್ದು 1980ರ ‘ದಿ ಸೀ ವುಲ್ವ್ಸ್’ ಸಿನಿಮಾದಿಂದ. ತೊಡಕು ಶುರುವಾಗುವುದೇ ಅಲ್ಲಿ.

ಎಹ್ರೆನ್‌ಫೆಲ್ಸ್ ಯುದ್ಧನೌಕೆಯಾಗಿತ್ತು ಎಂಬುದು ಮೊದಲ ನಂಬಿಕೆ.

ವಾಸ್ತವ: ಅದು ಬ್ರೆಮೆನ್ ನಗರದ ಹನ್ಸಾ ಕಂಪನಿಯ ಸರಕು ಹಡಗು. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷರ ಕೈಗೆ ಸಿಕ್ಕಬಾರದೆಂದು ಪೋರ್ಚುಗೀಸರ ತಟಸ್ಥ ಬಂದರಿಗೆ ಬಂದು ನಿಂತಿತು. ಡ್ರಾಖೆನ್‌ಫೆಲ್ಸ್, ಬ್ರೌನ್‌ಫೆಲ್ಸ್ ಮತ್ತು ಇಟಲಿಯ ಆನ್ಫೋರಾ ಕೂಡ ಅಲ್ಲೇ ಆಶ್ರಯ ಪಡೆದಿದ್ದವು. ಗೊಂದಲಕ್ಕೂ ಕಾರಣವಿದೆ. ಇದೇ ಮಾದರಿಯ ಗೋಲ್ಡನ್‌ಫೆಲ್ಸ್‌ಗೆ ಜರ್ಮನ್ ನೌಕಾಪಡೆ ತೋಪು ಕೂರಿಸಿ, ಅಟ್ಲಾಂಟಿಸ್ ಎಂದು ಹೆಸರಿಟ್ಟು ದಾಳಿಗೆ ಬಿಟ್ಟಿತ್ತು. 1940ರ ನವೆಂಬರ್‌ನಲ್ಲಿ ನಾರ್ವೆಯ ತೈಲ ಹಡಗು ಓಲೆ ಯಾಕೊಬ್ ಅನ್ನು ಸೆರೆಹಿಡಿದದ್ದು ಅದೇ. ಎಹ್ರೆನ್‌ಫೆಲ್ಸ್ ಅಂಥ ಯಾವ ಬೇಟೆಗೂ ಹೋಗಲಿಲ್ಲ.

ಬ್ರಿಟಿಷರೇ ಅದನ್ನು ಮುಳುಗಿಸಿದರು ಎಂದೂ ಹೇಳುತ್ತಾರೆ.

ವಾಸ್ತವ: ಹಡಗಿನೊಳಗಿನ ಗುಪ್ತ ರೇಡಿಯೊ ಜಲಾಂತರ್ಗಾಮಿಗಳಿಗೆ ಸುಳಿವು ಕೊಡುತ್ತಿದೆ ಎಂಬ ಗುಮಾನಿಯಿಂದ ಬ್ರಿಟಿಷರು 1943ರ ಮಾರ್ಚ್ 9ರ ರಾತ್ರಿ ಅದನ್ನು ಹತ್ತಿದ್ದು ನಿಜ. ಆದರೆ ಮುಳುಗಿಸಿದವರು ಹಡಗಿನವರೇ. ಶತ್ರುವಿಗೆ ಬಿಟ್ಟುಕೊಡುವುದಕ್ಕಿಂತ ನೀರುಪಾಲು ಮಾಡುವುದೇ ಲೇಸೆಂದು ತಳದ ಕವಾಟ ತೆರೆದರು, ಬೆಂಕಿ ಹಚ್ಚಿದರು. ಆ ಬೆಂಕಿ ಕಂಡದ್ದೇ ತಡ, ಉಳಿದ ಮೂರು ಹಡಗುಗಳ ನಾವಿಕರೂ ಹಾಗೆಯೇ ಮಾಡಿದರು. ಆ ಮೂರರ ಮೇಲೆ ಬ್ರಿಟಿಷರು ಕಾಲೇ ಇಟ್ಟಿರಲಿಲ್ಲ. ಎಹ್ರೆನ್‌ಫೆಲ್ಸ್‌ನ ಕ್ಯಾಪ್ಟನ್ ಮತ್ತು ಕೆಲವು ನಾವಿಕರು ಸತ್ತರು. ಬದುಕುಳಿದವರನ್ನು ಪೋರ್ಚುಗೀಸರು ಅಗ್ವಾದ ಕೋಟೆಯ ಜೈಲಿಗೆ ಹಾಕಿದರು.

ದಾಳಿಗೆ ಬಂದವರು ಪಳಗಿದ ಕಮಾಂಡೊಗಳು ಎಂಬ ಮಾತೂ ಇದೆ.

ವಾಸ್ತವ: ಹೆಚ್ಚಿನವರು ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಹವ್ಯಾಸಿ ದಳದ ನಡುವಯಸ್ಸಿನ ಸದಸ್ಯರು. ತಟಸ್ಥ ಬಂದರಿಗೆ ಸೈನ್ಯ ಕಳಿಸುವಂತಿರಲಿಲ್ಲ. ಹೂಳು ಸಾಗಿಸುವ ಫೀಬಿ ಎಂಬ ನಾವೆಯಲ್ಲಿ ಬಂದರು.

ಆ ರೇಡಿಯೊ ಬಾಯಿ ಮುಚ್ಚಿದ್ದರಿಂದ ಈ ಕಡಲಲ್ಲಿ ಹಡಗು ಮುಳುಗುವುದೇ ನಿಂತಿತು ಎಂಬುದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ.

ವಾಸ್ತವ: ಮಾನ್ಸೂನ್ ತುಕಡಿ ಎಂದು ಕರೆಯುವ ಜರ್ಮನ್ ಜಲಾಂತರ್ಗಾಮಿಗಳು ಅರಬ್ಬೀ ಸಮುದ್ರಕ್ಕೆ ಬಂದದ್ದೇ 1943ರ ದ್ವಿತೀಯಾರ್ಧದಲ್ಲಿ. ಅಂದರೆ ದಾಳಿ ನಡೆದು ತಿಂಗಳುಗಳು ಕಳೆದ ಮೇಲೆ! ಬ್ರಿಟಿಷ್ ಲಾಯಲ್ಟಿ ಎಂಬ ತೈಲ ಹಡಗಿನ ಪಾಡು ನೋಡಿದರೆ ಸಾಕು. 1942ರ ಮೇ 30ರಂದು ಮಡಗಾಸ್ಕರ್‌ನ ಬಂದರಿನಲ್ಲಿ ಜಪಾನಿನ ಪುಟ್ಟ ಜಲಾಂತರ್ಗಾಮಿ ಅದನ್ನು ಮುಳುಗಿಸಿತ್ತು. ಮೇಲೆತ್ತಿ, ಮಾಲ್ಡೀವ್ಸ್‌ನ ಅಡ್ಡು ದ್ವೀಪಸ್ತೋಮಕ್ಕೆ ತಂದು, ತೈಲ ತುಂಬಿಡುವ ತೊಟ್ಟಿಯಾಗಿ ನಿಲ್ಲಿಸಿದರು. 1944ರ ಮಾರ್ಚ್ 9ರಂದು, ಗೋವಾ ದಾಳಿಗೆ ಸರಿಯಾಗಿ ವರ್ಷ ತುಂಬಿದ ದಿನ, ಜರ್ಮನಿಯ ಯು-183 ಹೊರಗಿನ ಕಡಲಿನಲ್ಲೇ ನಿಂತು, ರಕ್ಷಣಾ ಬಲೆಗಳ ನಡುವಿನ ಸಂದಿಯಿಂದ ಟಾರ್ಪಿಡೊ ಹಾಯಿಸಿ ಅದಕ್ಕೆ ಹೊಡೆಯಿತು. ಮತ್ತೆ ಮೇಲೆತ್ತಿದರು. ಯುದ್ಧ ಮುಗಿದ ಮೇಲೆ, 1946ರ ಜನವರಿಯಲ್ಲಿ, ಬ್ರಿಟಿಷರೇ ಅದನ್ನು ಅಲ್ಲಿ ಮುಳುಗಿಸಿದರು.