ವಿಚ್ಛೇದನದಲ್ಲಿ ಜೀವನಾಂಶ: ನ್ಯಾಯಾಲಯವು ಲೆಕ್ಕ ನೋಡುವ ಬಗೆ



ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಮಗೆಲ್ಲ ಗೊತ್ತು. ಬಹುಪಾಲು ಮನೆಗಳಲ್ಲಿ ಅದು ನಿಜವೂ ಹೌದು. ಆದರೆ ಕೆಲವು ಮನೆಗಳ ಜಗಳ ಕೋರ್ಟಿನ ಮೆಟ್ಟಿಲು ಹತ್ತುತ್ತದೆ. ಆಗ ಎರಡು ಕಡೆಯವರಿಗೂ ಇರುವ ದೊಡ್ಡ ಚಿಂತೆ ಜೀವನಾಂಶದ್ದು. ಬೀಜ ಗೊಬ್ಬರದ ವಿಷಯ ತಿಳಿಸಲು ಹಳ್ಳಿಗೆ ಬರುವ ನನ್ನನ್ನೂ ಕೆಲವರು ಕೇಳುತ್ತಾರೆ: “ಕೋರ್ಟು ಅರ್ಧ ಜಮೀನು ಬರೆದುಕೊಡಿ ಎನ್ನುತ್ತದಂತೆ, ನಿಜವೇ?” “ಜಮೀನು ಅಪ್ಪನ ಹೆಸರಿನಲ್ಲಿದ್ದರೆ ಏನೂ ಕೊಡಬೇಕಿಲ್ಲವಂತೆ, ಹೌದೇ?” ಈ ಎರಡು ಮಾತುಗಳೂ ತಪ್ಪು. ಸರಿಯಾದ ಸಂಗತಿ ಏನೆಂಬುದನ್ನು ಇಲ್ಲಿ ವಿವರಿಸಿದೆ.

ಯಾವ ಕಾನೂನು?

ಹಿಂದೂ ವಿವಾಹ ಕಾನೂನು 1955ರಲ್ಲಿ ಜಾರಿಗೆ ಬಂತು. ಅದರ 24ನೆಯ ಕಲಮಿನ ಪ್ರಕಾರ ಮೊಕದ್ದಮೆ ನಡೆಯುತ್ತಿರುವಾಗ ಊಟ ಬಟ್ಟೆಗೂ ಕೋರ್ಟಿನ ಖರ್ಚಿಗೂ ಮಧ್ಯಂತರ ಜೀವನಾಂಶ ಕೇಳಬಹುದು. 25ನೆಯ ಕಲಮಿನ ಪ್ರಕಾರ ವಿಚ್ಛೇದನವಾದ ಮೇಲೆ ಶಾಶ್ವತ ಜೀವನಾಂಶ ಕೇಳಬಹುದು. ಈ ಎರಡು ಕಲಮುಗಳಲ್ಲಿ ಹೆಂಡತಿಯಂತೆ ಗಂಡನೂ ಕೇಳಲು ಅವಕಾಶವಿದೆ. ನ್ಯಾಯಾಧೀಶರು ತಿಂಗಳ ಹಣ ಗೊತ್ತು ಮಾಡಬಹುದು, ಇಲ್ಲವೇ ಒಂದೇ ಗಂಟಿನಲ್ಲಿ ಕೊಡಿಸಬಹುದು.

ಇದಲ್ಲದೆ ಜಾತಿ ಮತ ನೋಡದೆ ಎಲ್ಲರಿಗೂ ಅನ್ವಯಿಸುವ ಒಂದು ಕಾನೂನುಂಟು. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಾಗಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ಹೆಂಡತಿ, ಮಕ್ಕಳು, ತಂದೆತಾಯಿ ಇದರಡಿ ಅರ್ಜಿ ಹಾಕಬಹುದು. ವಿಚ್ಛೇದನವಾಗಿ ಮರುಮದುವೆಯಾಗದ ಹೆಂಗಸೂ ಇಲ್ಲಿ ಹೆಂಡತಿಯೇ. ಮುಸ್ಲಿಂ ಮಹಿಳೆಗೂ ಈ ಹಕ್ಕು ಉಂಟೆಂದು ಸುಪ್ರೀಂ ಕೋರ್ಟು 2024ರ ಜುಲೈ 10ರಂದು ತೀರ್ಪು ಕೊಟ್ಟಿದೆ.

ಮೊತ್ತ ಹೇಗೆ ಗೊತ್ತಾಗುತ್ತದೆ?

ಎಕರೆಗೆ ಇಷ್ಟು ಗೊಬ್ಬರ ಎಂದು ಹೇಳುವ ಹಾಗೆ ಇದಕ್ಕೆ ಒಂದೇ ಅಳತೆ ಇಲ್ಲ. ನೌಕರನೊಬ್ಬನ ಮೊಕದ್ದಮೆಯಲ್ಲಿ ಕೈಗೆ ಬರುವ ಸಂಬಳದ ನೂರಕ್ಕೆ 25 ಭಾಗ ನ್ಯಾಯವಾದೀತೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದುಂಟು. ಆದರೆ ಅದು ಎಲ್ಲರಿಗೂ ಕಟ್ಟಿದ ನಿಯಮವಲ್ಲ. ನ್ಯಾಯಾಧೀಶರು ನೋಡುವ ಮುಖ್ಯ ಸಂಗತಿಗಳು ಇವು:

1. ಇಬ್ಬರ ಸಂಪಾದನೆ ಮತ್ತು ಆಸ್ತಿ.
2. ಇಬ್ಬರ ವಯಸ್ಸು, ಆರೋಗ್ಯ, ವಿದ್ಯೆ, ದುಡಿಯುವ ಶಕ್ತಿ.
3. ಮದುವೆಯಾಗಿ ಎಷ್ಟು ವರ್ಷವಾಯಿತು. ಕೂಡಿದ್ದಾಗ ಸಂಸಾರ ಯಾವ ಮಟ್ಟದಲ್ಲಿ ನಡೆಯುತ್ತಿತ್ತು.
4. ಮನೆ, ಮಕ್ಕಳು, ಹಿರಿಯರ ಸೇವೆಗಾಗಿ ಹೆಂಡತಿ ಓದನ್ನೋ ಕೆಲಸವನ್ನೋ ಬಿಟ್ಟಿದ್ದಾಳೆಯೇ.
5. ಮಕ್ಕಳು ಯಾರ ಬಳಿ ಇದ್ದಾರೆ. ಅವರ ಓದು, ಔಷಧದ ಖರ್ಚೆಷ್ಟು.
6. ಕೊಡಬೇಕಾದವನ ಸಾಲ, ಅವನನ್ನೇ ನಂಬಿರುವ ತಂದೆತಾಯಿ.
7. ಶಾಶ್ವತ ಜೀವನಾಂಶವಾದರೆ ಇಬ್ಬರ ನಡತೆ.

ಹೆಂಡತಿ ಸ್ವಲ್ಪ ಸಂಪಾದಿಸುತ್ತಾಳೆ ಎಂದ ಮಾತ್ರಕ್ಕೆ ಅವಳ ಅರ್ಜಿ ಬಿದ್ದುಹೋಗುವುದಿಲ್ಲ. ಆ ಸಂಪಾದನೆ ಅವಳ ಜೀವನಕ್ಕೆ ಸಾಕೇ ಎಂಬುದೇ ಪ್ರಶ್ನೆ. ಹಾಗೆಯೇ “ನನಗೆ ಆದಾಯವಿಲ್ಲ” ಎಂದು ಗಂಡ ಹೇಳಿದರೆ ಸಾಲದು. ಕೈಕಾಲು ಗಟ್ಟಿಯಿರುವ ಗಂಡ ಮೈಮುರಿದು ದುಡಿದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಪಹಣಿ ಅಪ್ಪನ ಹೆಸರಿನಲ್ಲಿದೆ ಎಂದು ತಪ್ಪಿಸಿಕೊಳ್ಳುವವರು ಇದನ್ನು ನೆನಪಿಡಬೇಕು. ಇತ್ತ ಅರ್ಧ ಜಮೀನು ತಾನಾಗಿ ಹೆಂಡತಿಗೆ ಹೋಗುತ್ತದೆಂಬ ಕಾನೂನೂ ನಮ್ಮಲ್ಲಿಲ್ಲ. ಆದರೆ ಹಣ ತಪ್ಪದೆ ಸಲ್ಲಲೆಂದು ಗಂಡನ ಸ್ಥಿರಾಸ್ತಿಯ ಮೇಲೆ ಹೊಣೆ ಕೂರಿಸಲು 25ನೆಯ ಕಲಮಿನಲ್ಲಿ ಅಧಿಕಾರವಿದೆ.

ರೈತನ ಆದಾಯದ ಲೆಕ್ಕ

ನೌಕರನಿಗೆ ಸಂಬಳದ ಚೀಟಿ ಇದೆ. ರೈತನಿಗೆ ಏನಿದೆ? ಈ ತೊಡಕನ್ನು ಬಿಡಿಸಲು ಸುಪ್ರೀಂ ಕೋರ್ಟು 2020ರ ನವೆಂಬರ್ 4ರ ತೀರ್ಪಿನಲ್ಲಿ ಒಂದು ದಾರಿ ಮಾಡಿತು. ಜೀವನಾಂಶದ ಮೊಕದ್ದಮೆಯಲ್ಲಿ ಇಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ ಸಲ್ಲಿಸಬೇಕು. ಬೇಸಾಯಗಾರರಿಗೆಂದೇ ಬೇರೆ ನಮೂನೆ ಉಂಟು. ಅದರಲ್ಲಿ ಜಮೀನಿನ ವಿಸ್ತೀರ್ಣ, ಖುಷ್ಕಿಯೋ ತರಿಯೋ, ವರ್ಷದಲ್ಲಿ ಬೆಳೆದ ಬೆಳೆ, ಗುತ್ತಿಗೆಗೋ ವಾರಕ್ಕೋ ಹಿಡಿದ ನೆಲ, ದನ, ಎಮ್ಮೆ, ಆಡು, ಕೋಳಿ, ಜೇನು, ಮೀನು ಸಾಕಣೆಯ ಆದಾಯ, ಜಮೀನಿನ ಮೇಲಿನ ಸಾಲ ಇವನ್ನೆಲ್ಲ ಬರೆಯಬೇಕು. ಕಳೆದ 3 ವರ್ಷಗಳ ಆದಾಯವನ್ನೂ ತೋರಿಸಬೇಕು.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಒಬ್ಬ ರೈತನಿಗೆ ಉಳುಮೆ, ಬೀಜ, ಗೊಬ್ಬರ, ಕೂಲಿ ಎಲ್ಲ ಕಳೆದು ಮೊದಲ ವರ್ಷ 90,000 ರೂಪಾಯಿ, ಬರ ಬಿದ್ದ ಎರಡನೆಯ ವರ್ಷ 20,000, ಮೂರನೆಯ ವರ್ಷ 70,000 ಉಳಿಯಿತೆನ್ನಿ. ಮೂರು ವರ್ಷಕ್ಕೆ ಒಟ್ಟು 1,80,000. ವರ್ಷಕ್ಕೆ ಸರಾಸರಿ 60,000. ಹಾಲಿನಿಂದ ಮೇವು ಹಿಂಡಿಯ ಖರ್ಚು ಕಳೆದು ತಿಂಗಳಿಗೆ 4,000, ಅಂದರೆ ವರ್ಷಕ್ಕೆ 48,000. ಎರಡೂ ಸೇರಿ 1,08,000; ತಿಂಗಳಿಗೆ 9,000 ಆಯಿತು. ನ್ಯಾಯಾಧೀಶರು ಸರಾಸರಿಯನ್ನೇ ಹಿಡಿಯಬೇಕೆಂದಿಲ್ಲ. ಆದರೆ ಇಂಥ ಲೆಕ್ಕ ಮುಂದಿದ್ದರೆ, ಇದರಲ್ಲಿ ಯಾರು ಯಾರು ಬದುಕಬೇಕು, ಯಾರ ಅಗತ್ಯ ಎಷ್ಟು ಎಂದು ತೂಗಿ ನೋಡಲು ಅನುಕೂಲ. ಗಂಡ ಬರದ ವರ್ಷವನ್ನಷ್ಟೇ ತೋರಿಸಿದರೂ, ಹೆಂಡತಿ ಖರ್ಚು ಕಳೆಯದೆ ಪೂರ್ತಿ ಬೆಳೆಯ ಬೆಲೆಯನ್ನೇ ಹೇಳಿದರೂ ಲೆಕ್ಕ ಓರೆಯಾಗುತ್ತದೆ. ಪ್ರಮಾಣ ಮಾಡಿ ಸುಳ್ಳು ಬರೆದವರ ಮೇಲೆ ಕ್ರಮ ಕೈಗೊಳ್ಳಲೂ ನ್ಯಾಯಾಲಯಕ್ಕೆ ಅಧಿಕಾರವಿದೆ.

ಯಾವಾಗಿನಿಂದ? ಕೊಡದಿದ್ದರೆ?

ಅದೇ 2020ರ ತೀರ್ಪಿನಂತೆ ಜೀವನಾಂಶವು ಅರ್ಜಿ ಹಾಕಿದ ದಿನದಿಂದ ಸಲ್ಲಬೇಕು. ಆದಕಾರಣ ತವರಿನಲ್ಲಿ ಕುಳಿತು “ನಾಳೆ ನೋಡೋಣ” ಎಂದು ವರ್ಷಗಟ್ಟಲೆ ಕಾದರೆ ಆ ವರ್ಷಗಳು ನಷ್ಟ. ಮಧ್ಯಂತರ ಅರ್ಜಿಯನ್ನು ನೋಟೀಸು ಮುಟ್ಟಿದ 60 ದಿನಗಳೊಳಗೆ ಆದಷ್ಟು ಮಟ್ಟಿಗೆ ತೀರ್ಮಾನಿಸಬೇಕೆಂದು ಕಾನೂನಿದೆ.

144ನೆಯ ಕಲಮಿನಡಿ ಆದ ಆಜ್ಞೆಯಂತೆ ಸಕಾರಣವಿಲ್ಲದೆ ಹಣ ಕೊಡದವನ ಮೇಲೆ ವಾರಂಟು ಹೊರಡುತ್ತದೆ. ಬಾಕಿಯ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಸೆರೆವಾಸವೂ ಆಗಬಹುದು. ಸೆರೆಮನೆಗೆ ಹೋಗಿ ಬಂದರೆ ಬಾಕಿ ತೀರಿತೆಂದು ತಿಳಿಯಬಾರದು. ಹಣ ಕೊಡುವ ತನಕ ಅದು ತೀರುವುದಿಲ್ಲ. ಪಡೆಯುವವರೂ ಎಚ್ಚರದಿಂದಿರಬೇಕು: ಬಾಕಿ ಬಿದ್ದ ದಿನದಿಂದ 1 ವರ್ಷದೊಳಗೆ ವಸೂಲಿಯ ಅರ್ಜಿ ಹಾಕದಿದ್ದರೆ ಆ ವಾರಂಟು ದೊರೆಯುವುದಿಲ್ಲ.

ಒಮ್ಮೆ ಗೊತ್ತಾದ ಮೊತ್ತ ಕಲ್ಲಿನಲ್ಲಿ ಕೊರೆದದ್ದಲ್ಲ. ರೋಗ ಬಂದರೆ, ಆದಾಯ ಇಳಿದರೆ, ಬೆಲೆಗಳು ಏರಿದರೆ ಇಬ್ಬರಲ್ಲಿ ಯಾರಾದರೂ ಬದಲಾವಣೆ ಕೇಳಬಹುದು. ಪಡೆಯುವವರು ಮರುಮದುವೆಯಾದರೆ ಆಜ್ಞೆಯನ್ನು ರದ್ದು ಮಾಡಿಸಬಹುದು. ಆದರೆ ಬೆಳೆ ಹೋಯಿತೆಂದು ತಾನಾಗಿಯೇ ಹಣ ನಿಲ್ಲಿಸಬಾರದು. ಅರ್ಜಿ ಹಾಕಿ ಆಜ್ಞೆ ಪಡೆಯಬೇಕು.

ತಾವು ಮಾಡಬೇಕಾದದ್ದು

ಪಹಣಿ, ಡೇರಿಯ ಹಾಲಿನ ಲೆಕ್ಕ, ರೇಷ್ಮೆ ಮಾರುಕಟ್ಟೆಯ ಚೀಟಿ, ಸಹಕಾರ ಸಂಘದ ಸಾಲದ ಪುಸ್ತಕ, ಬ್ಯಾಂಕಿನ ಪಾಸು ಪುಸ್ತಕ, ಮಕ್ಕಳ ಶಾಲೆಯ ರಸೀತಿ ಇವನ್ನು ಜೋಪಾನ ಮಾಡಿರಿ. ಹಣ ಕೊಡುವವರು ಬ್ಯಾಂಕಿನ ಮೂಲಕವೇ ಕೊಡಿರಿ. ಕೈಯಲ್ಲಿ ಕೊಟ್ಟರೆ ಸಹಿ ಪಡೆಯಿರಿ. ಊರ ಹಿರಿಯರ ಮುಂದೆ ರಾಜಿಯಾದರೆ ಒಳ್ಳೆಯದೇ. ಆದರೆ ಅದನ್ನು ನ್ಯಾಯಾಲಯದಲ್ಲಿಯೋ ಲೋಕ ಅದಾಲತ್ತಿನಲ್ಲಿಯೋ ದಾಖಲು ಮಾಡಿಸಿರಿ. ಬಾಯಿಮಾತಿನ ರಾಜಿಯನ್ನು ಮುಂದೆ ವಸೂಲಿ ಮಾಡುವುದು ಕಷ್ಟ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾವ ಹೆಂಗಸೂ ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾನೂನಿನಂತೆ ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಉಚಿತ ನೆರವು ಸಲ್ಲುತ್ತದೆ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿರಿ, ಇಲ್ಲವೇ 15100 ಸಂಖ್ಯೆಗೆ ದೂರವಾಣಿ ಮಾಡಿರಿ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯೂ ನಮ್ಮಲ್ಲಿದೆ. ಸಂಸಾರ ಮುರಿದರೂ ಮಕ್ಕಳ ಹೊಟ್ಟೆ, ಮಕ್ಕಳ ಶಾಲೆ ನಿಲ್ಲಬಾರದು. ಇಂಥ ಕಷ್ಟದಲ್ಲಿರುವ ಮನೆ ತಮ್ಮ ನೆರೆಯಲ್ಲಿದ್ದರೆ ಈ ಸಂಗತಿಗಳನ್ನು ಅವರಿಗೆ ಓದಿ ಹೇಳಿರಿ.